ಅತ್ತೆಯವರ ಕೈಗೆ ಕಂಪ್ಯೂಟರಿನ ಕೀಲಿ

ನಮ್ಮ ಮನೆಗೆ ಲಿನಕ್ಸ್ ಬಂದದ್ದು ಬಾಳೆಹಣ್ಣಿನ ಚೀಲದಲ್ಲಿ. ರಾಯಚೂರಿಗೆ ಹೋಗಿದ್ದಾಗ ಬಸ್ ಸ್ಟ್ಯಾಂಡಿನಲ್ಲಿ ಒಂದು ಕಂಪ್ಯೂಟರ್ ಮಾಸಪತ್ರಿಕೆ ಕೊಂಡಿದ್ದೆ. ಅದರ ಜೊತೆ ಒಂದು ಸಿಡಿ ಕೊಟ್ಟಿದ್ದರು. ಸೀಟು ಹಿಡಿಯುವ ಗದ್ದಲದಲ್ಲಿ ಎರಡನ್ನೂ ಹಣ್ಣಿನ ಚೀಲಕ್ಕೆ ತುರುಕಿದೆ. ಸಿಂಧನೂರು ಮುಟ್ಟುವಷ್ಟರಲ್ಲಿ ಹಣ್ಣು ಜಜ್ಜಿ ಹೋಗಿ ಪತ್ರಿಕೆಯ ನಡುವಿನ ಪುಟಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಇದನ್ನು ಕಂಪ್ಯೂಟರಿಗೆ ಹಾಕುವುದು ಹೇಗೆ ಎಂದು ತಿಳಿಸುವ ಪುಟಗಳೇ ಅವು. ಸಿಡಿ ಮಾತ್ರ ನೆಟ್ಟಗಿತ್ತು. ಮಾವನವರು ಅದನ್ನು ಧೋತರದ ಅಂಚಿನಿಂದ ಒರೆಸಿ, ಬೆಳಕಿಗೆ ಹಿಡಿದು, ತಮ್ಮ ಮುಖ ನೋಡಿಕೊಂಡು ನನ್ನ ಕೈಗೆ ಕೊಟ್ಟರು.

ಅದು ತೊಂಬತ್ತರ ದಶಕದ ಕೊನೆ. ನಾನು ಸಿಂಧನೂರಿನ ಒಂದು ಪಿಯು ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದೆ. ಕೆಲಸ ಕಾಯಂ ಆಗಿರಲಿಲ್ಲ. ಪ್ರತಿ ಬೇಸಿಗೆಗೂ, ಮುಂದಿನ ವರ್ಷ ಇಟ್ಟುಕೊಳ್ಳುತ್ತಾರೋ ಇಲ್ಲವೋ ಎಂದು ಪ್ರಾಚಾರ್ಯರ ಮುಖ ನೋಡಬೇಕಿತ್ತು. ಅಂಥವಳು ಬಾಯಿ ಬಿಗಿಹಿಡಿದು ಇರಬೇಕಲ್ಲವೇ? ನನಗೆ ಅದು ಆಗದ ಮಾತು. ನನ್ನ ಸಿಟ್ಟು ಮೂಗಿನ ತುದಿಯಲ್ಲಿ, ಜಂಬ ಅದಕ್ಕಿಂತ ಇನ್ನೂ ಸ್ವಲ್ಪ ಮುಂದೆ.

ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಕೆಲವು ಕಾಲೇಜುಗಳು ಸೇರಿ ಪೂರ್ವಸಿದ್ಧತಾ ಪರೀಕ್ಷೆಗೆ ಒಂದೇ ಪ್ರಶ್ನೆಪತ್ರಿಕೆ ಮಾಡಿಸುತ್ತಿದ್ದವು. ಗಣಿತದ ಪತ್ರಿಕೆಯನ್ನು ಯಾರೋ ಒಬ್ಬರು ಕೈಯಲ್ಲಿ ಬರೆಯುತ್ತಿದ್ದರು. ವರ್ಗಮೂಲದ ಚಿಹ್ನೆ ಹರಿದು ಮುಂದಿನ ಪ್ರಶ್ನೆಯ ತಲೆಯ ಮೇಲೂ ಚಪ್ಪರ ಹಾಕುತ್ತಿತ್ತು. ಸ್ಟಾಫ್ ರೂಮಿನಲ್ಲಿ ಒಂದು ದಿನ ಅದನ್ನು ಎತ್ತಿ ಹಿಡಿದು ನಾನು ನಕ್ಕುಬಿಟ್ಟೆ.

ಪ್ರಾಚಾರ್ಯರು ಚಹದ ಬಸಿ ಕೆಳಗಿಟ್ಟು, "ಹಂಗಾರ ಈ ಸಲ ನೀವ ಮಾಡಿಕೊಡ್ರಿ ಮೇಡಂ" ಎಂದರು.

"ಕೊಡ್ತೀನ್ರಿ. ನಮ್ಮನ್ಯಾಗ ಕಂಪ್ಯೂಟರ್ ಐತಿ. ಅಚ್ಚಿನ ಪುಸ್ತಕ ಇದ್ದಂಗ ಮಾಡಿಕೊಡ್ತೀನಿ."

"ಕಂಪ್ಯೂಟರ್ ಕೈ ಕೊಟ್ರ? ಲಿಂಗಸುಗೂರ ಪ್ರೆಸ್ಸಿನವ ಸೋಮವಾರ ಅಂದ್ರ ಸೋಮವಾರ ಕೇಳ್ತಾನ. ಅವತ್ತು ತಪ್ಪಿದ್ರ ಹ್ವಾದ ವರ್ಷದ್ದನ್ನ ಮತ್ತ ಛಾಪಿಸಿ ಕೊಡೋದು. ಆಮ್ಯಾಲೆ ನಿಮ್ಮ ವಿಚಾರ ಕಮಿಟಿ ಮುಂದ ನಾ ಏನಂತ ಹೇಳ್ಲಿ?"

"ನಮ್ಮ ಕಂಪ್ಯೂಟರ್ ಕೈ ಕೊಡಂಗಿಲ್ರಿ" ಎಂದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ವರ್ಷ ನನ್ನ ಕೆಲಸ ಆ ಸೋಮವಾರಕ್ಕೆ ಜೋತುಬಿತ್ತು.

ಗಣಿತದ ಚಿಹ್ನೆಗಳನ್ನು ಅಚ್ಚುಕಟ್ಟಾಗಿ ಜೋಡಿಸುವ ಒಂದು ತಂತ್ರಾಂಶ ಆ ಸಿಡಿಯಲ್ಲಿ, ಲಿನಕ್ಸಿನ ಜೊತೆಗೇ, ಪುಕ್ಕಟೆಯಾಗಿ ಇತ್ತು. ಲಿನಕ್ಸ್ ಎಂದರೆ ಕಂಪ್ಯೂಟರನ್ನು ನಡೆಸುವ ಮೂಲ ವ್ಯವಸ್ಥೆ. ಅದಕ್ಕೆ ಒಡೆಯರೆಂಬುವರಿಲ್ಲ. ಯಾರು ಬೇಕಾದರೂ ನಕಲು ಮಾಡಿಕೊಳ್ಳಬಹುದು, ಒಳಗನ್ನು ಬಿಚ್ಚಿ ನೋಡಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಕೊಡಬಹುದು. ಇದನ್ನು ನಾನು ಮನೆಯಲ್ಲಿ ವಿವರಿಸಿದಾಗ ನನ್ನ ಗಂಡ ನಂಬಲಿಲ್ಲ. ಅವನು ಮಸ್ಕಿಯ ಒಂದು ಬ್ಯಾಂಕಿನಲ್ಲಿ ನೌಕರ, ಪುಕ್ಕಟೆ ಎಂಬ ಪದ ಕೇಳಿದರೆ ಹಿಂದೆ ಸರಿದು ಕೂರುವವನು. ಅತ್ತೆಯವರಿಗೆ ಮಾತ್ರ ತಕ್ಷಣ ತಿಳಿಯಿತು.

"ಹೆಪ್ಪು ಇದ್ದಂಗ ಐತಿ ಅನ್ನು" ಎಂದರು. "ಹೆಪ್ಪು ಯಾರರ ಮಾರ್ತಾರೇನು? ಕೇಳಿದವರಿಗಿ ಒಂದು ಚಮಚ ಕೊಡ್ತಾರ. ಅವರ ಹಾಲು, ಅವರ ಮೊಸರು. ನಾಳೆ ನಮ್ಮದು ಕೆಟ್ರ ಅವರ ಮನಿಯಿಂದ ನಾವು ತರೋದು."

ಮುಂದೆ ಈ ವಿಷಯದ ಮೇಲೆ ಉದ್ದುದ್ದ ಲೇಖನ ಎಷ್ಟೋ ಓದಿದ್ದೇನೆ. ಇಷ್ಟು ಚೊಕ್ಕವಾಗಿ ಹೇಳಿದವರು ಸಿಗಲಿಲ್ಲ. ಆದರೆ ಅತ್ತೆಯವರು ಹೋಲಿಕೆಯನ್ನು ಅಲ್ಲಿಗೇ ಬಿಡುವವರಲ್ಲ. ನಮ್ಮ ಕಾಲೇಜಿನ ಭೌತಶಾಸ್ತ್ರದವರು ಒಂದು ಸಂಜೆ ಸಿಡಿ ಕೇಳಿಕೊಂಡು ಬಂದರೆ, "ದೀಪ ಹಚ್ಚಿದ ಮ್ಯಾಲೆ ಹೆಪ್ಪು ಕೊಡಂಗಿಲ್ರಿ, ಮುಂಜಾನೆ ಬರ್ರಿ" ಎಂದು ಬಾಗಿಲಿನಿಂದಲೇ ಸಾಗಹಾಕಿದರು. ಪಾಪ, ಅವರು ಮುಂಜಾನೆ ಮತ್ತೆ ಬಂದರು.

ಅತ್ತೆಯವರ ಬಗ್ಗೆ ಹೇಳಬೇಕು. ಅವರು ಪ್ರಾಥಮಿಕ ಶಾಲೆಯ ನಿವೃತ್ತ ಶಿಕ್ಷಕಿ. ಊರಿನ ಅರ್ಧ ಮಂದಿಗೆ ಅಕ್ಷರ ತಿದ್ದಿಸಿದವರು. ಊರಿಗೆಲ್ಲ ಅವರು ಅಕ್ಕೋರು, ನಮ್ಮ ಕಡೆ ಶಿಕ್ಷಕಿಯನ್ನು ಹಾಗೆ ಕರೆಯುವುದು. ನಮ್ಮ ಮನೆ ಅಕ್ಕೋರ ಮನೆ. ನಮ್ಮ ಮಾವನವರು ಕಾಲುವೆ ಇಲಾಖೆಯಲ್ಲಿ ಗುಮಾಸ್ತರಾಗಿ ನಿವೃತ್ತರಾದವರು, ಸಾಧು ಮನುಷ್ಯ. ಆದರೂ ಊರಿಗೆ ಅವರು ಅಕ್ಕೋರ ಗಂಡ. ತರಕಾರಿಯವಳಿಂದ ಹಿಡಿದು ಪೋಸ್ಟಿನವನವರೆಗೆ ಯಾರೂ ಅವರನ್ನು ಹೆಸರು ಹಿಡಿದು ಕೂಗಿದ್ದನ್ನು ನಾನು ಕೇಳಿರಲಿಲ್ಲ. ಅತ್ತೆಯವರು ಸೊಂಟದಲ್ಲಿ ಕೀಲಿಗೊಂಚಲು ಸಿಕ್ಕಿಸಿಕೊಂಡು ಓಡಾಡುವರು. ಬೀರು, ಕಣಜದ ಕೋಣೆ, ಸಕ್ಕರೆಯ ಡಬ್ಬಿ ಇಡುವ ಗೂಡು, ಎಲ್ಲದರ ಕೀಲಿಯೂ ಅಲ್ಲೇ. ಮಾವನವರು ಎರಡನೇ ಸಲ ಚಹಾ ಕುಡಿಯಬೇಕಾದರೆ ಆ ಗೊಂಚಲಿನ ಸಪ್ಪಳ ಕೇಳಬೇಕಿತ್ತು.

ಒಂದು ಭಾನುವಾರ ಸಿಡಿ ಹಾಕಿದೆ. ಅಂಟಿದ ಪುಟಗಳನ್ನು ಉಗಿಯಲ್ಲಿ ಹಿಡಿದು ಬಿಡಿಸಿದ್ದೆವು. ಅರ್ಧ ಅಕ್ಷರ ಈ ಪುಟದಲ್ಲಿ, ಅರ್ಧ ಆ ಪುಟದಲ್ಲಿ ಕುಳಿತಿದ್ದವು. ಯಂತ್ರ ಏನೇನೋ ಕೇಳಿತು. ತಿಳಿದಲ್ಲಿ ಹೌದು ಎಂದೆ, ತಿಳಿಯದಲ್ಲಿಯೂ ಹೌದು ಎಂದೆ. ಹಾಗೆ ಹೌದೆನ್ನುತ್ತ ಹೋದಾಗ, ಗಂಡ ಬ್ಯಾಂಕಿನಿಂದ ಬಂದು ಆಡುತ್ತಿದ್ದ ಇಸ್ಪೀಟಿನ ಆಟ, ಅದು ಇದ್ದ ಹಳೆಯ ವ್ಯವಸ್ಥೆಯ ಸಮೇತ ಅಳಿಸಿಹೋಯಿತು.

"ನನ್ನ ಎಲಿ ಆಟ ಎಲ್ಲಿ?" ಎಂದ.

"ಹೋತ್ರಿ."

"ಎಲ್ಲಿಗಿ ಹೋತು?"

ನಾನು ಅಂಟಿದ್ದ ಪುಟಗಳತ್ತ ಬೆರಳು ತೋರಿಸಿದೆ. ಅವನು ಟವೆಲ್ಲು ಹೆಗಲಿಗೆ ಹಾಕಿಕೊಂಡು ಬಾವಿಯ ಕಡೆ ಹೋದ. ಮನೆಯಲ್ಲಿ ಸಾವಾದ ಹಾಗೆ ಆ ದಿನ ಬಹಳ ಹೊತ್ತು ಸ್ನಾನ ಮಾಡಿದ.

ಆಮೇಲೆ ಪರದೆಯ ಮೇಲೆ ಒಂದು ಪ್ರಶ್ನೆ ಬಂತು. ಈ ಯಂತ್ರದ ಹಿರಿಯನಿಗೆ ಒಂದು ಗುಪ್ತಪದ ಬೇಕು. ಹಿರಿಯ ಎಂದರೆ ಯಂತ್ರದಲ್ಲಿ ಏನನ್ನಾದರೂ ಮಾಡಬಲ್ಲವನು, ಉಳಿದವರೆಲ್ಲ ತಮ್ಮ ತಮ್ಮ ಕೋಣೆಯಲ್ಲಿ ಮಾತ್ರ ಓಡಾಡಬೇಕು ಎಂದು ನಾನು ಪತ್ರಿಕೆ ನೋಡಿ ಎಲ್ಲರಿಗೂ ತಿಳಿಸಿ ಹೇಳಿದೆ. ಪದವನ್ನು ಎಲ್ಲಿಯೂ ಬರೆದಿಡಬಾರದು, ಯಾರಿಗೂ ಹೇಳಬಾರದು ಎಂದು ಬೋಧನೆಯನ್ನೂ ಮಾಡಿದೆ. ಕಲಿಸುವವರ ಚಾಳಿ.

ಅತ್ತೆಯವರು ಬಾಗಿಲಿಗೆ ಒರಗಿ ನಿಂತು ಕೇಳುತ್ತಿದ್ದರು. "ಈ ಮನಿ ಕೀಲಿ ಯಾರ ಕಡೆ ಇರ್ತಾವ?" ಎಂದರು.

"ನಿಮ್ಮ ಕಡೆ ರೀ."

"ಮತ್ತ ಇದು ಮನಿ ಹೊರಗ ಐತೇನು? ಸರಿ ಆ ಕಡೆ."

ಪ್ರಶ್ನೆಪತ್ರಿಕೆ ಇರುವ ಯಂತ್ರ, ಕೀಲಿ ಹಿರಿಯರ ಹತ್ತಿರ ಇದ್ದರೆ ಒಳ್ಳೆಯದೇ ಎಂದು ನಾನೂ ಎದ್ದೆ. ಅವರು ಕುರ್ಚಿಯಲ್ಲಿ ಕುಳಿತು ನಮ್ಮನ್ನೆಲ್ಲ ಅಡುಗೆಮನೆಗೆ ಅಟ್ಟಿದರು. ಅಲ್ಲಿಂದ ಅವರ ಗೊಣಗಾಟ ಕೇಳುತ್ತಿತ್ತು. "ಎ ಆದ ಮ್ಯಾಲೆ ಬಿ ಬರಬೇಕಲ್ಲ? ಇದನ್ನ ಮಾಡಿದವ ಯಾವ ಸಾಲಿಗಿ ಹೋಗಿದ್ದಾನ? ನನ್ನ ಕೈಯಾಗ ಸಿಗಬೇಕಿತ್ತು." ಸ್ವಲ್ಪ ಹೊತ್ತಿಗೆ ಮತ್ತೆ: "ಏನ್ ಒತ್ತಿದ್ರೂ ಕಾಣವಲ್ದಲ್ಲ?"

"ಅದು ಕಾಣಂಗಿಲ್ರಿ ಅತ್ತ್ಯಾರ. ಬ್ಯಾರೆದವರು ನೋಡಬಾರದಂತ ತೋರ್ಸಂಗಿಲ್ಲ. ಒಳಗ ಬರಕೊಂತೈತಿ" ಎಂದು ಕೂಗಿದೆ.

"ಬೇಷಾತು. ಮರ್ಯಾದಿ ಗೊತ್ತಿರೋ ಯಂತ್ರ."

ಹೊರಗೆ ಬಂದಾಗ ಅವರ ಮುಖ ಕೆಂಪಾಗಿತ್ತು. ಸೆಕೆ ಎಂದುಕೊಂಡೆ. ಅವತ್ತಿನಿಂದ ಲಿನಕ್ಸನ್ನು ಯಾರಾದರೂ ಬೈದರೆ ಅತ್ತೆಯವರು ಸುಮ್ಮನಿರುತ್ತಿರಲಿಲ್ಲ.

ಮುಂದೆ ಯಂತ್ರ, ಮನೆಮಂದಿಯ ಹೆಸರುಗಳನ್ನು ಕೇಳಿತು. ನನ್ನದು ಹಾಕಿದೆ, ಗಂಡನದು ಹಾಕಿದೆ, ಅತ್ತೆಯವರದು ಹಾಕಿದೆ. ಆಗಲೇ ಮಾವನವರು ಸಂತೆಯಿಂದ ಬಂದರು. ಬದನೆಕಾಯಿ ಚೀಲ ಹಿಡಿದುಕೊಂಡೇ ಬಗ್ಗಿ ಪರದೆಯನ್ನು ಓದಿದರು.

"ಇದರಾಗೂ ನನ್ನ ಹೆಸರು ಇಲ್ಲೇನು?" ಎಂದರು.

ನಾನು ತೊದಲಿದೆ. ನಿಜ ಹೇಳಬೇಕೆಂದರೆ ನನಗೆ ಅವರ ನೆನಪೇ ಆಗಿರಲಿಲ್ಲ. ಅತ್ತೆಯವರು ಒಳಗಿನಿಂದಲೇ, "ನಿಮ್ದು ಇರಬೇಕಾದ ಕಡೆ ಐತಿ, ಬದನಿಕಾಯಿ ಒಳಗ ಕೊಡ್ರಿ" ಎಂದರು.

ಮಾವನವರಿಗೆ ಆ ಮಾತು ಚುಚ್ಚಿತು. ಚೀಲವನ್ನು ನೆಲಕ್ಕೆ ಇಟ್ಟರು. "ಎಲ್ಲಿ ಐತಿ? ಬಾಗಲ ಮ್ಯಾಲೆ ಇಲ್ಲ, ಬಜಾರದಾಗ ಇಲ್ಲ, ಈ ಪುಕ್ಕಟೆ ಪೆಟಿಗ್ಯಾಗೂ ಇಲ್ಲ. ಈ ಮನ್ಯಾಗ ನಾ ಒಬ್ಬ ಇದೀನಿ ಅಂತ ಯಾರಿಗರ ಮಾಲೂಮ ಐತೇನು?" ಅವರು ಅಷ್ಟು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಅತ್ತೆಯವರಿಗೆ ಸಮಾಧಾನದ ಮಾತು ಗೊತ್ತಿಲ್ಲ. "ಸಣ್ಣ ಹುಡುಗರಂಗ ಮಾಡಬ್ಯಾಡ್ರಿ" ಎಂದುಬಿಟ್ಟರು. ಅಲ್ಲಿಂದ ಇಬ್ಬರಿಗೂ ಮಾತು ನಿಂತಿತು. "ಊಟಕ್ಕ ಬರಬೇಕಂತ ಹೇಳು", "ಹಸಿವಿಲ್ಲಂತ ಹೇಳು" ಎಂದು ನಡುವೆ ನಾನು ಟಪಾಲಿನವಳಾದೆ. ಅತ್ತೆಯವರ ತವರು ಮುದಗಲ್ಲು. ಅಲ್ಲಿ ಅವರ ತಮ್ಮನ ಮಗಳಿಗೆ ಕುಬಸ ಇತ್ತು, ಬಸುರಿಗೆ ಹಸಿರು ಕುಪ್ಪಸ ತೊಡಿಸಿ ಉಡಿ ತುಂಬುವ ಕಾರ್ಯ. ಅದೇ ನೆಪವಾಯಿತು. ಕಾರ್ಯಕ್ಕೆ ಇನ್ನೂ ದಿನಗಳಿರುವಾಗಲೇ ಅತ್ತೆಯವರು ಕೀಲಿಗೊಂಚಲನ್ನು ನನ್ನ ಕೈಗೆ ಕೊಟ್ಟು, ಮಾವನವರಿಗೆ ಒಂದು ಮಾತೂ ಹೇಳದೆ ಬಸ್ಸು ಹತ್ತಿದರು. ಗೊಂಚಲಿನಲ್ಲಿ ಎಲ್ಲ ಕೀಲಿಗಳೂ ಇದ್ದವು, ಒಂದನ್ನು ಬಿಟ್ಟು. ಅದು ಬೇಕಾಗಬಹುದು ಎಂದು ನನಗೆ ಹೊಳೆಯಲೇ ಇಲ್ಲ.

ನಾನು ಕಾಲೇಜಿನಿಂದ ಬಂದವಳೇ ಪ್ರಶ್ನೆಪತ್ರಿಕೆ ಜೋಡಿಸುತ್ತ ಕೂರುತ್ತಿದ್ದೆ. ನಮ್ಮಲ್ಲಿ ಕರೆಂಟು ಹೇಳಿಕೇಳಿ ಬರುವಂಥದ್ದಲ್ಲ. ಗೊರೇಬಾಳದ ಕಡೆ ಗದ್ದೆಗಳಲ್ಲಿ ಪಂಪುಗಳು ಶುರುವಾದರೆ ನಮ್ಮ ಬಲ್ಬು ಕೆಂಪಗಾಗಿ ಕಣ್ಣು ಮುಚ್ಚುವುದು. ಕರೆಂಟು ಹೋಗಿ ಬಂದಾಗಲೆಲ್ಲ ಲಿನಕ್ಸ್ ತನ್ನ ಮನೆಯನ್ನೆಲ್ಲ ಮೂಲೆ ಮೂಲೆ ತಡಕಿ ನೋಡಿ, ಎಲ್ಲ ಸರಿ ಇದೆ ಎಂದು ಖಾತ್ರಿ ಮಾಡಿಕೊಂಡ ಮೇಲೇ ನನ್ನನ್ನು ಒಳಗೆ ಬಿಡುತ್ತಿತ್ತು. ಅದು ತಡಕುವುದು ಮುಗಿಯುವಷ್ಟರಲ್ಲಿ ಕರೆಂಟು ಮತ್ತೆ ಹೋಗುತ್ತಿತ್ತು. ಮತ್ತೆ ಮೊದಲಿಂದ. ನಾನು ಪರದೆಯ ಮುಂದೆ ಕುಳಿತೇ ಅವರೆಕಾಯಿ ಸುಲಿದೆ, ಅಕ್ಕಿ ಆರಿಸಿದೆ. ಗಂಡ ಬಂದು, "ನಮ್ಮ ಎಲಿ ಆಟಕ್ಕ ಇಷ್ಟು ನಖರಾ ಇರ್ಲಿಲ್ಲ" ಎಂದು ಹೇಳಿಹೋಗುವನು. ಆದರೂ ಪತ್ರಿಕೆ ಮುಗಿಯಿತು. ಆಹಾ, ಎಂಥ ವರ್ಗಮೂಲಗಳು! ಒಂದೊಂದೂ ತನ್ನ ಸಂಖ್ಯೆಯ ಮೇಲೆ ಮಾತ್ರ ನೆರಳು ಕೊಟ್ಟು ನಿಂತಿತ್ತು. ಶನಿವಾರ ಮಧ್ಯಾಹ್ನ ಪ್ರಿಂಟರಿಗೆ ಹೊಸ ರಿಬ್ಬನ್ ಹಾಕಿ, ಕಾಗದ ಸಿಕ್ಕಿಸಿ, ಇನ್ನೇನು ಅಚ್ಚು ಹಾಕಬೇಕು, ದೀಪ ಒಮ್ಮೆ ಭಗ್ಗನೆ ಬೆಳಗಿ ಆರಿತು.

ಕರೆಂಟು ಬಂದಮೇಲೆ ಯಂತ್ರ ಎಂದಿನಂತೆ ತಡಕಲು ಶುರು ಮಾಡಿತು. ಅರ್ಧಕ್ಕೆ ನಿಂತಿತು. ಇಲ್ಲಿ ನನ್ನಿಂದ ತಾನಾಗಿ ಸರಿಪಡಿಸಲಾಗದ ತೊಂದರೆ ಇದೆ, ದುರಸ್ತಿಗೆ ಹಿರಿಯರ ಗುಪ್ತಪದ ಕೊಡಿ ಎಂದಿತು.

ಇಂಥ ಹೊತ್ತಿಗೆ ಆ ಪದವಿಲ್ಲದೆಯೂ ಒಳಹೋಗುವ ಹಿತ್ತಲ ಬಾಗಿಲು ಇದೆ ಎಂದು ಬಹಳ ವರ್ಷದ ಮೇಲೆ ತಿಳಿಯಿತು. ಆ ಪುಟ ಬಾಳೆಹಣ್ಣಿನ ಪಾಲಾಗಿತ್ತು. ಕೈಬರಹದ ಪ್ರತಿ ನಾನು ಇಟ್ಟಿರಲಿಲ್ಲ. ಜಂಬದವರು ಕೈಬರಹದಲ್ಲಿ ಬರೆಯುವುದುಂಟೇ? ಸೋಮವಾರಕ್ಕೆ ಉಳಿದದ್ದು ಭಾನುವಾರವೊಂದೇ.

ಸಂಜೆ ಗಂಡ, ಮಾವನವರು, ನಾನು ಮೂವರೂ ಪರದೆಯ ಮುಂದೆ ಕುಳಿತೆವು. ಅತ್ತೆಯವರು ಏನು ಹಾಕಿರಬಹುದು? ಮೊದಲು ಮನೆದೇವರ ಹೆಸರು ಹಾಕಿದೆ. ತೆರೆಯಲಿಲ್ಲ. ಗಂಡ ನಗುತ್ತ ನನ್ನನ್ನು ಸರಿಸಿ, "ಹೆತ್ತ ತಾಯಿ ಮತ್ಯಾರದು ಹಾಕ್ತಾಳ?" ಎಂದು ತನ್ನ ಹೆಸರು ಒತ್ತಿದ. ತೆರೆಯಲಿಲ್ಲ. ಮೊದಲಕ್ಷರ ದೊಡ್ಡದು ಮಾಡಿ ಒತ್ತಿದ. ಸಣ್ಣವನಿದ್ದಾಗ ಕರೆಯುತ್ತಿದ್ದ ಮುದ್ದಿನ ಹೆಸರನ್ನು, ನನಗೆ ಕಾಣದಂತೆ ಬಗ್ಗಿ ಒತ್ತಿದ. ಆಮೇಲೆ ಎದ್ದುಹೋಗಿ ಜೋಕಾಲಿಯ ಮೇಲೆ ಕುಳಿತ. ನಾನು, ಯಾಕೆ ಸುಳ್ಳು ಹೇಳಲಿ, ಒಂದು ಆಸೆಯಿಂದ ನನ್ನ ಹೆಸರನ್ನೂ ಒತ್ತಿ ನೋಡಿದೆ. ಯಂತ್ರ ನನಗೂ ಅದೇ ಉತ್ತರ ಕೊಟ್ಟಿತು.

"ಮುದಗಲ್ ಅಂತ ಹಾಕು" ಎಂದರು ಮಾವನವರು. "ತವರು ಅಂದ್ರ ಪ್ರಾಣ ಆಕಿಗಿ." ಆಗಲಿಲ್ಲ. "ಆಕಿ ತಮ್ಮನ ಹೆಸರು ಹಾಕು." ಆಗಲಿಲ್ಲ. "ಎಮ್ಮಿ ಹೆಸರು ಹಾಕು. ಆ ಎಮ್ಮಿ ಜೋಡಿ ಮಾತಾಡಿದಷ್ಟು ಯಾರ ಜೋಡಿನೂ ಮಾತಾಡಂಗಿಲ್ಲ." ಎಮ್ಮೆಯದೂ ಆಗಲಿಲ್ಲ. ಅತ್ತೆಯವರಿಗೆ ಪ್ರಿಯವಾದ ಎಲ್ಲರೂ ಒಬ್ಬೊಬ್ಬರಾಗಿ ಬಂದು ಆ ಬಾಗಿಲಲ್ಲಿ ನಿಂತು ಮರಳಿ ಹೋದರು.

ಮುದಗಲ್ಲಿನ ಆ ಮನೆಯಲ್ಲಿ ಫೋನಿರಲಿಲ್ಲ. ಹೇಗೂ ಭಾನುವಾರ ಕುಬಸ, ಹೋಗಲೇಬೇಕಿತ್ತು. ಮುಂಜಾನೆ ನಾನು, ಮಾವನವರು ಬಸ್ಸು ಹತ್ತಿದೆವು. ಜೋಕಾಲಿಯಿಂದ ಎದ್ದು ಬರಲು ಗಂಡ ಒಪ್ಪಲಿಲ್ಲ, ಯಂತ್ರ ಕಾಯುತ್ತೇನೆ ಎಂದ. ಮಸ್ಕಿ ದಾಟಿ, ಲಿಂಗಸುಗೂರಿನಲ್ಲಿ ಬಸ್ಸು ಬದಲಿಸಿ, ಮುದಗಲ್ಲಿನ ಕೋಟೆಗೋಡೆ ಕಾಣುವವರೆಗೂ ಮಾವನವರು ಕಿಟಕಿಯ ಕಡೆಗೇ ಮುಖ ಮಾಡಿದ್ದರು. ಇಳಿಯುವಾಗ, "ನಾ ಬಂದೀನಂತ ಏನೂ ಹೇಳಾಕ ಹೋಗಬ್ಯಾಡ. ಕಣ್ಣಿದ್ರ ಕಾಣತೀನಿ" ಎಂದರು. ಹೋಗಿ ಗಂಡಸರ ಜೊತೆ ಪಡಸಾಲೆಯಲ್ಲಿ ಕುಳಿತರು.

ಅತ್ತೆಯವರು ಒಳಗೆ ಹೋಳಿಗೆಗೆ ಹೂರಣ ಉಂಡೆ ಮಾಡುತ್ತಿದ್ದರು. ಅವರನ್ನು ಮೂಲೆಗೆ ಕರೆದು ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ಅಳು ಬಂತು. "ನನ್ನ ಕೆಲಸ ಹೋಗತೈತ್ರಿ ಅತ್ತ್ಯಾರ. ಆ ಪದ ಒಂದು ಹೇಳ್ರಿ."

ಅವರು ಕೈ ಒರೆಸಿಕೊಂಡರು. ಆಚೀಚೆ ನೋಡಿದರು. "ಅದನ್ನ ಬಾಯಿಲೆ ಹೇಳಾಕ ಬರಂಗಿಲ್ಲ" ಎಂದರು.

"ಕಿವ್ಯಾಗ ಹೇಳ್ರಿ."

"ಕಿವ್ಯಾಗ ಹೇಳಿದ್ರೂ ಬಾಯಿಲೆ ಹೇಳಿದಂಗ ಆಕೈತಿ."

"ಒಂದು ಚೀಟ್ಯಾಗ ಬರದು ಕೊಡ್ರಿ ಹಂಗಾರ."

"ಬರದಿಡಬಾರದಂತ ನೀನ ಹೇಳೀದಿ. ಮಂದಿ ತುಂಬಿದ ಮನ್ಯಾಗ ನಾ ಅದನ್ನ ಬರದು, ಯಾರ ಕೈಯಾಗರ ಸಿಕ್ಕು, ನಗೆಗೀಡ ಆಗ್ಲೇನು?"

"ನೀವ ಬಂದು ಒತ್ತಿ ಬರ್ರಿ."

"ಇಲ್ಲಿ ಹಿರಿ ಸ್ವಾದರತ್ತಿ ನಾ. ನಾಳೆ ಬೀಗರನ್ನ ಕಳಿಸೋವರೆಗೂ ಹೊಸ್ತಿಲ ದಾಟಂಗಿಲ್ಲ."

ನನಗೆ ಸಿಟ್ಟು ಏರಿತು. ಕೀಲಿಯ ಶಿಸ್ತನ್ನು ನನ್ನಿಂದಲೇ ಕಲಿತು ನನಗೇ ಪಾಠ ಹೇಳುವ ಇವರಿಗೆ, ಸೊಸೆಯ ಹೊಟ್ಟೆಪಾಡು ಹೂರಣಕ್ಕಿಂತ ಹಗುರ ಎಂದುಕೊಂಡೆ. ಕಣ್ಣೊರೆಸಿಕೊಂಡು ಹೆಂಗಸರ ನಡುವೆ ಹೋಗಿ ಕುಳಿತೆ.

ಬಸುರಿಗೆ ಹಸಿರು ಕುಪ್ಪಸ ತೊಡಿಸಿ ಉಡಿ ತುಂಬಿದರು. ಆರತಿ ಎತ್ತುವ ಮೊದಲು ಹೆಸರು ಹೇಳುವ ಗದ್ದಲ ಶುರುವಾಯಿತು. ನಮ್ಮ ಕಡೆ ಹೆಂಗಸರು ಗಂಡನ ಹೆಸರನ್ನು ಸುಮ್ಮನೆ ಬಾಯಲ್ಲಿ ತೆಗೆಯುವುದಿಲ್ಲ. ಇಂಥ ಕಾರ್ಯಗಳಲ್ಲಿ ಮಾತ್ರ, ಪ್ರಾಸದ ಕೆಲವು ಸಾಲು ಕಟ್ಟಿ ಅದರೊಳಗೆ ಹೆಸರನ್ನು ಇಟ್ಟು ಹೇಳುತ್ತಾರೆ. ಅದಕ್ಕೆ ಒಡಪು ಎನ್ನುವುದು. ಹೊಸ ಸೊಸೆಯರು ನಾಚುತ್ತ ಹೇಳಿದರು, ನಡುವಯಸ್ಸಿನವರು ಬಿಟ್ಟೂ ಬಿಡದೆ ಹೇಳಿದರು. ಯಾರೋ ಮುದುಕಿ, "ಅಕ್ಕೋರ, ನಿಮ್ಮ ಬಾಯಾಗ ಒಮ್ಮಿನೂ ಕೇಳಿಲ್ಲ, ಇವತ್ತ ಬಿಡಂಗಿಲ್ಲ" ಎಂದಳು. ನಾನ್ಯಾವತ್ತೂ ಕೇಳಿರಲಿಲ್ಲ. 'ನನಗ ಬರಂಗಿಲ್ಲ' ಎಂದು ಅವರು ಜಾರಿಕೊಳ್ಳುವುದು ಎಲ್ಲರಿಗೂ ಗೊತ್ತಿದ್ದದ್ದೇ.

ಅವತ್ತು ಜಾರಿಕೊಳ್ಳಲಿಲ್ಲ. ಸೆರಗು ಸರಿ ಮಾಡಿಕೊಂಡು ನಡುಮನೆಯಲ್ಲಿ ನಿಂತರು. ತರಗತಿಯಲ್ಲಿ ಹಿಂದಿನ ಬೆಂಚಿನವರನ್ನು ನೋಡುವ ಹಾಗೆ ನನ್ನನ್ನೇ ನೋಡುತ್ತ, ಪಡಸಾಲೆಗೂ ಕೇಳುವ ದನಿಯಲ್ಲಿ ಹೇಳಿದರು:

"ಮುದಗಲ್ಲ ಕ್ವಾಟಿಗೆ ಕಲ್ಲಿನ ಬಾಗಲಾ,
ಕಾಲಿವಿ ನೀರಿಗೆ ಕಬ್ಬಿಣದ ಬಾಗಲಾ,
ಸೊಸಿಯ ಪೆಟಿಗಿಗೆ ನಾ ಹಾಕೀನಿ ಕೀಲಾ,"

ಕೊನೆಯ ಸಾಲು, ಇಂಥವರ ಹೆಸರಿಲ್ಲದೆ ಅದರ ಬಾಗಿಲು ತೆರೆಯುವುದಿಲ್ಲ ಎಂದು. ಹೆಸರನ್ನು ಸ್ಪಷ್ಟವಾಗಿ, ಒಂದೊಂದೇ ಅಕ್ಷರ ಬಿಡಿಸಿ, ಶಾಲೆಯಲ್ಲಿ ಉಕ್ತಲೇಖನ ಕೊಡುವ ಹಾಗೆ ಹೇಳಿದರು. ಅವರ ಸೊಸೆಯಾಗಿ ನಾನು ಅದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಹೆಂಗಸರೆಲ್ಲ ಗೊಳ್ಳೆಂದು ನಕ್ಕು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ತಟ್ಟುತ್ತಿದ್ದ ಕೈ ನಡುವೆಯೇ ನಿಂತಿತು. ದೇವರು, ಮಗ, ತಮ್ಮ, ತವರು, ಎಮ್ಮೆ ಎಲ್ಲ ಆದವು. ಆ ಒಂದು ಹೆಸರು ಮನೆಯಲ್ಲಿ ಯಾರ ಬಾಯಲ್ಲೂ ಬರುವುದಲ್ಲವೆಂದು ನಮ್ಮ ತಲೆಯಲ್ಲೂ ಬಂದಿರಲಿಲ್ಲ. ಅದನ್ನು ಹೊತ್ತವರಿಗೇ ಹೊಳೆದಿರಲಿಲ್ಲ. ಪಡಸಾಲೆಯಲ್ಲಿ ಆವರೆಗೆ ಕೇಳುತ್ತಿದ್ದ ಮಾವನವರ ಅಡಕತ್ತರಿಯ ಸಪ್ಪಳ ನಿಂತಿತ್ತು.

ಊಟ ಮುಗಿಸಿ ಹೊರಟಾಗ ಅತ್ತೆಯವರು ಒಂದು ಡಬ್ಬಿಯಲ್ಲಿ ಹೋಳಿಗೆ ತಂದು, ನನ್ನನ್ನು ದಾಟಿ ಹೋಗಿ, ಮಾವನವರ ಕೈಗೆ ಕೊಟ್ಟರು. "ಬಸ್ಸಿನ್ಯಾಗ ತುಪ್ಪ ಚೆಲ್ಲೀತು, ನೆಟ್ಟಗ ಹಿಡೀರಿ" ಎಂದರು.

"ಹೂಂ" ಎಂದರು ಮಾವನವರು.

ಬಸ್ಸಿನಲ್ಲಿ ಅವರು ಡಬ್ಬಿಯನ್ನು ತೊಡೆಯ ಮೇಲೆ ನೆಟ್ಟಗೆ ಹಿಡಿದು ಕುಳಿತರು. ಮಸ್ಕಿ ದಾಟಿದ ಮೇಲೆ, "ಇಂಗ್ಲಿಷಿನ್ಯಾಗ ಬರೋಬ್ಬರಿ ಬರದಿರ್ತಾಳಲ್ಲ?" ಎಂದರು.

"ಅತ್ತ್ಯಾರು ತಪ್ಪು ಬರಿಯೋರಲ್ರಿ."

"ಅದು ಖರೇ" ಎಂದು ಮತ್ತೆ ಕಿಟಕಿಯ ಕಡೆ ತಿರುಗಿದರು.

ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು, ಪುಣ್ಯಕ್ಕೆ ಕರೆಂಟಿತ್ತು. ನಾನು ಕುರ್ಚಿಯತ್ತ ಓಡಿದೆ. ಮಾವನವರು ಕೆಮ್ಮಿದರು. "ತಂಗಿ, ಸ್ವಲ್ಪ ಸರಿತೀಯೇನು?"

ಕುರ್ಚಿ ಬಿಟ್ಟುಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು, ತೋರುಬೆರಳೊಂದರಿಂದ ತಮ್ಮ ಹೆಸರನ್ನು ಒತ್ತತೊಡಗಿದರು. ಒತ್ತಿದ ಮೇಲೊಮ್ಮೆ ಪರದೆ ನೋಡಿ, "ಕಾಣವಲ್ದು" ಎಂದರು.

"ಕಾಣಂಗಿಲ್ರಿ ಮಾವಾರ. ಒಳಗ ಬರಕೊಂತೈತಿ."

ಅವರು ತಲೆಯಾಡಿಸಿ ಉಳಿದ ಅಕ್ಷರಗಳನ್ನು ಒತ್ತಿದರು. ಬಾಗಿಲು ತೆರೆಯಿತು. ಜೋಕಾಲಿಯ ಮೇಲಿದ್ದ ಗಂಡ ಎದ್ದು ಬಂದು, "ಯಾರ ಹೆಸರಿತ್ತು?" ಎಂದು ಕೇಳಿದ. ಅವನ ಅಪ್ಪ ಅವನ ಕಡೆ ತಿರುಗಿ ನೋಡಿದ ಗತ್ತನ್ನು ನಾನು ಮರೆತಿಲ್ಲ.

ಆಮೇಲೆ ದುರಸ್ತಿ. ಇದನ್ನು ಸರಿಪಡಿಸಲೇ? ಹೌದು. ಇದನ್ನೂ ಸರಿಪಡಿಸಲೇ? ಹೌದು. ಯಂತ್ರ ಕೇಳುತ್ತಲೇ ಇತ್ತು, ನಿಲ್ಲುವ ಲಕ್ಷಣವಿರಲಿಲ್ಲ. ನಾನು ಕುರ್ಚಿಯ ಹಿಂದೆ ಅತ್ತಿಂದಿತ್ತ ಓಡಾಡುತ್ತಿದ್ದೆ. ಮಾವನವರು ಕುರ್ಚಿ ಬಿಡಲಿಲ್ಲ. ಹೋಳಿಗೆ ತಿನ್ನುತ್ತ, ಎಡಗೈಯಲ್ಲಿ ಹೌದು ಎಂಬ ಗುಂಡಿಯನ್ನು ಒತ್ತುತ್ತ, "ನೀ ಗಾಬರಿ ಆಗಬ್ಯಾಡ. ನಿಮ್ಮತ್ತಿ ಜೋಡಿ ಸಂಸಾರ ಮಾಡಿದವಗ ಇದೇನು ದೊಡ್ಡದಲ್ಲ. ಕೇಳಿದ್ದಕ್ಕೆಲ್ಲ ಹೂಂ ಅಂತ ಹೋಗೋದು" ಎಂದರು. ಹೋಳಿಗೆ ಮುಗಿಯುವಷ್ಟರಲ್ಲಿ ಪ್ರಶ್ನೆಗಳೂ ಮುಗಿದವು. ನನ್ನ ವರ್ಗಮೂಲಗಳು ಒಂದೂ ಹಾಳಾಗದೆ ಕುಳಿತಿದ್ದವು. ಪ್ರಿಂಟರ್ ಕಿರ್ರೆಂದು ಶುರುವಾದಾಗ ನಾನು ನೆಲದ ಮೇಲೆ ಕುಳಿತು ಅತ್ತುಬಿಟ್ಟೆ.

ಸೋಮವಾರ ಲಿಂಗಸುಗೂರಿನಲ್ಲಿ ಪ್ರೆಸ್ಸಿನವನು ಹಾಳೆಗಳನ್ನು ತಿರುವಿ ನೋಡಿ, ಇದನ್ನು ಯಾವ ಊರಿನಲ್ಲಿ ಛಾಪಿಸಿದಿರಿ, ನನ್ನ ಹತ್ತಿರ ಯಾಕೆ ತಂದಿರಿ ಎಂದು ಮುನಿಸಿಕೊಂಡ. ಪ್ರಾಚಾರ್ಯರು ಪತ್ರಿಕೆಯ ಮೇಲೆ ಕನ್ನಡಕ ಓಡಿಸಿ, "ಮುಂದಿನ ವರ್ಷನೂ ನೀವ ಮಾಡ್ರಿ" ಎಂದರು. ಮುಂದಿನ ವರ್ಷವೂ ನಾನು ಇರುತ್ತೇನೆ ಎಂದು ಅರ್ಥ.

ಅತ್ತೆಯವರು ಮುದಗಲ್ಲಿನಿಂದ ಬಂದವರು ಕೀಲಿಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮೊದಲು ಮಾಡಿದ ಕೆಲಸ, ಕಂಪ್ಯೂಟರಿನ ಕೀಲಿ ಬದಲಿಸುವುದು. "ಊರಿಗೆಲ್ಲ ಗೊತ್ತಾತು. ಇನ್ನ ಅದು ಕೀಲಿ ಹೆಂಗಾಕೈತಿ? ಬದ್ಲಿ ಮಾಡೋದು ಹೆಂಗಂತ ತೋರ್ಸಿ ನಡೀರಿ ಒಳಗ" ಎಂದರು. ತೋರಿಸಿದೆ. ಮೂವರೂ ಅಡುಗೆಮನೆಗೆ ಹೋಗಿ ನಿಂತೆವು. ಮಾವನವರ ಮುಖ ಸ್ವಲ್ಪ ಬಾಡಿತು. ಇದ್ದ ಒಂದು ಜಾಗವೂ ಹೋಯಿತಲ್ಲ ಎನ್ನುವ ಹಾಗೆ ಹಿತ್ತಲಿಗೆ ನಡೆದು ಎಮ್ಮೆಗೆ ಹುಲ್ಲು ಹಾಕಿದರು.

ಮಳೆಗಾಲದ ಒಂದು ಮಧ್ಯಾಹ್ನ ಮತ್ತೆ ಅದೇ ಆಯಿತು. ದೀಪ ಭಗ್ಗೆಂದಿತು, ಯಂತ್ರ ನಿಂತಿತು, ಹಿರಿಯರ ಪದ ಕೇಳಿತು. ಅತ್ತೆಯವರು ತುರ್ವಿಹಾಳಕ್ಕೆ ಹೋಗಿದ್ದರು. ಅವರು ಬರುವವರೆಗೆ ಸುಮ್ಮನೆ ಕೂರುವುದೇಕೆ ಎಂದು, ತೆರೆಯುವುದಿಲ್ಲ ಎಂಬ ನಂಬಿಕೆಯಿಂದಲೇ, ಹಳೆಯ ಹೆಸರನ್ನೇ ಒತ್ತಿದೆ.

ತೆರೆಯಿತು.

ಮಾವನವರು ಪಡಸಾಲೆಯಿಂದ ಇಣುಕಿದರು. "ತೆರೀತೇನು?"

"ತೆರೀತ್ರಿ ಮಾವಾರ."

"ಕೀಲಿ ಬದ್ಲಿ ಮಾಡಿದ್ಲಲ್ಲ. ಈಗ ಏನಂತ ಹಾಕ್ಯಾಳ?"

"ಅದನ್ನ ಬಾಯಿಲೆ ಹೇಳಾಕ ಬರಂಗಿಲ್ರಿ" ಎಂದೆ.

ಅವರು ಅಡಕತ್ತರಿಯನ್ನು ಕೆಳಗಿಟ್ಟರು. ಆಮೇಲೆ ಕನ್ನಡಕ ಹುಡುಕಿ ಹಾಕಿಕೊಂಡು ಬಂದು ಕುರ್ಚಿ ಎಳೆದುಕೊಂಡರು. "ಸರಿ. ಅದೇನೇನು ಕೇಳ್ತೈತೋ ಕೇಳ್ಲಿ, ನಾ ಹೂಂ ಅಂತೀನಿ. ನೀ ಹೋಗಿ ಚಾ ಇಡು" ಎಂದರು.